ಇಂಗ್ಲಿಷ್ ಸರ್‌ನೇಮ್‌ನ ಮೂಲ ಹುಡುಕುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಸರ್‌ನೇಮ್ ಒಂದರ ಮೂಲ ಹುಡುಕಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಹೆಸರನ್ನು ಸರ್ಚ್‌ಗೆ ಹಾಕುತ್ತಾರೆ. ಮೊದಲು ಸಿಕ್ಕ ಪುಟದಲ್ಲಿ ಒಂದು ಅರ್ಥ, ಒಂದು ಬಣ್ಣದ ಲಾಂಛನ, 1066ರಲ್ಲಿ ನಾರ್ಮಂಡಿಯಿಂದ ಬಂದ ಯೋಧನೊಬ್ಬನ ಕಥೆ ಇರುತ್ತದೆ. ಅದನ್ನು ನಂಬಿ, ಆ ಯೋಧನಿಂದ ಕೆಳಗೆ ಇಳಿಯುತ್ತಾ ಬಂದು ತಮಗೆ ಬೇಕಾದ ಮನೆತನಕ್ಕೆ ಜೋಡಿಸಲು ನೋಡುತ್ತಾರೆ. ಮಧ್ಯದ ನಾನೂರು ಐನೂರು ವರ್ಷ ತುಂಬುವುದೇ ಇಲ್ಲ. ಕೊನೆಗೆ ಬೇಜಾರಾಗಿ ಬಿಟ್ಟುಬಿಡುತ್ತಾರೆ.

ಕೆಲಸದ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಗೊತ್ತಿರುವ ಒಬ್ಬ ಮನುಷ್ಯನಿಂದ ಶುರು ಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ, ಮನೆತನ ಯಾವ ಊರಲ್ಲಿ ಬೇರೂರಿತ್ತು ಅನ್ನುವುದನ್ನು ಮೊದಲು ಕಂಡುಕೊಳ್ಳಬೇಕು. ಹೆಸರಿನ ಅರ್ಥ ನೋಡುವುದು ಕಟ್ಟಕಡೆಗೆ. ಊರು ಗೊತ್ತಿಲ್ಲದೆ ಅರ್ಥ ಹೇಳಿದರೆ ಅದು ಬರೀ ಊಹೆ.

ಉದ್ದಕ್ಕೂ ಒಂದೇ ಹೆಸರನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ: ಸೈಕ್ಸ್. ಇದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಹೆಸರು. ಇದರ ಮೇಲೆ ದಾಖಲೆ ಸಂಶೋಧನೆಯೂ ಆಗಿದೆ, ಡಿಎನ್‌ಎ ಸಂಶೋಧನೆಯೂ ಆಗಿದೆ. ನಮ್ಮ ಕಡೆ ಹಕ್ಕಿ ನೋಡುವವರಿಗೆ ಈ ಹೆಸರು ಹೊಸದಲ್ಲ. ದಖ್ಖನ್ನಿನ ಒಣ ಬಯಲಲ್ಲಿ ಕಾಣುವ ಸೈಕ್ಸ್ ಲಾರ್ಕ್ ಹಕ್ಕಿಗೆ ಆ ಹೆಸರು ಬಂದದ್ದು ಬಾಂಬೆ ಸೇನೆಯಲ್ಲಿದ್ದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಅವರಿಂದ.

ಶುರು ಮಾಡುವ ಮುನ್ನ ಏನೇನು ಬೇಕು

ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಅದರಲ್ಲಿ ಐದು ಕಾಲಂ ಹಾಕಿಕೊಳ್ಳಿ: ವರ್ಷ, ಊರು, ದಾಖಲೆಯಲ್ಲಿ ಇದ್ದಂತೆಯೇ ಹೆಸರಿನ ಸ್ಪೆಲಿಂಗ್, ಯಾವ ದಾಖಲೆ, ಮೂಲದ ಫೋಟೋ ನೋಡಿದಿರಾ ಅಥವಾ ಬರೀ ಇಂಡೆಕ್ಸ್ ನೋಡಿದಿರಾ. ಕೊನೆಯ ಕಾಲಂ ಬಿಡಬೇಡಿ. ಎರಡು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ.

ದಾಖಲೆಗಳಿಗೆ ಫ್ಯಾಮಿಲಿಸರ್ಚ್, ಫ್ರೀಬಿಎಂಡಿ, ಫ್ರೀರೆಜ್ ಇವು ಉಚಿತ. ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಇವಕ್ಕೆ ದುಡ್ಡು ಕೊಡಬೇಕು. ಮೊದಲ ದಿನವೇ ಚಂದಾ ಕಟ್ಟಬೇಡಿ. ಉಚಿತ ಸೈಟುಗಳಲ್ಲಿ ಆಗುವಷ್ಟು ಮಾಡಿ, ನೋಡಬೇಕಾದ ಮೂಲ ಪುಟಗಳ ಪಟ್ಟಿ ರೆಡಿ ಮಾಡಿಕೊಂಡು, ಆಮೇಲೆ ಒಂದು ತಿಂಗಳ ಚಂದಾ ತೆಗೆದುಕೊಂಡರೆ ಸಾಕು. ಬ್ರಿಟನ್ನಿನಲ್ಲೇ ಇರುವವರು ಹತ್ತಿರದ ಲೈಬ್ರರಿಯಲ್ಲಿ ಕೇಳಿ. ಅಲ್ಲಿನ ಎಷ್ಟೋ ಸಾರ್ವಜನಿಕ ಲೈಬ್ರರಿಗಳಲ್ಲಿ ಈ ಸೈಟುಗಳನ್ನು ಉಚಿತವಾಗಿ ನೋಡಬಹುದು.

ಇನ್ನೊಂದು ವಿಚಾರಣೆ ಈಗಲೇ ಮಾಡಿಬಿಡಿ. ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್ ಅನ್ನುವ ಸಂಸ್ಥೆ 1979ರಿಂದ ಇದೆ. ಒಬ್ಬೊಬ್ಬ ಸದಸ್ಯರು ಒಂದೊಂದು ಸರ್‌ನೇಮ್ ಹಿಡಿದು ಅದರ ಎಲ್ಲ ದಾಖಲೆ ಕೂಡಿಡುತ್ತಾರೆ. ನಿಮ್ಮ ಹೆಸರು ಅವರ ಪಟ್ಟಿಯಲ್ಲಿದ್ದರೆ ಅರ್ಧ ಕೆಲಸ ಉಳಿಯಿತು.

ಹಂತ 1: ಹೆಸರನ್ನು ಬಿಟ್ಟು ಒಬ್ಬ ಮನುಷ್ಯನನ್ನು ಹಿಡಿಯಿರಿ

"ಸೈಕ್ಸ್ ಹೆಸರಿನ ಮೂಲ ಏನು" ಅನ್ನುವ ಪ್ರಶ್ನೆ ತೀರಾ ದೊಡ್ಡದು. "ಈ ಊರಲ್ಲಿ ಈ ವರ್ಷ ಇದ್ದ ಈ ಸೈಕ್ಸ್ ಎಲ್ಲಿಂದ ಬಂದ" ಅನ್ನುವುದು ಉತ್ತರ ಸಿಗುವ ಪ್ರಶ್ನೆ. ಹುಟ್ಟಿದ ಊರು ಅಥವಾ ವರ್ಷದಲ್ಲಿ ಒಂದಾದರೂ ಗೊತ್ತಿರುವ ವ್ಯಕ್ತಿಯನ್ನು ಆರಿಸಿಕೊಳ್ಳಿ. ಈ ಹಂತದ ಗುರಿ ಒಂದೇ: ಆ ವ್ಯಕ್ತಿಯ ಪ್ಯಾರಿಷ್, ಅಂದರೆ ಯಾವ ಚರ್ಚಿನ ವ್ಯಾಪ್ತಿಗೆ ಸೇರಿದ ಊರು ಅನ್ನುವುದನ್ನು ಪತ್ತೆಹಚ್ಚುವುದು.

ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆತನ ಅಥವಾ ಕೋಲಾರ ಚಿನ್ನದ ಗಣಿಯ ಕುಟುಂಬದಿಂದ ಹೊರಟವರಿಗೆ ದಾರಿ ಸ್ವಲ್ಪ ಬೇರೆ. ಬ್ರಿಟಿಷರ ಕಾಲದ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಬೆಂಗಳೂರು ಕಂಟೋನ್ಮೆಂಟಿನವರನ್ನು ಮದ್ರಾಸ್ ವಿಭಾಗದಲ್ಲಿ ಹುಡುಕಬೇಕು. ಆ ಸರಣಿಯ ಗುರುತು ಎನ್/2. ಮೈಸೂರು ಅಂತ ಹುಡುಕಿ "ಏನೂ ಇಲ್ಲ" ಅಂದುಕೊಂಡು ವಾಪಸ್ ಬರುವವರೇ ಜಾಸ್ತಿ. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ದಾಖಲೆ ಕೂಡಿಡುವ ಫಿಬಿಸ್ ಅನ್ನುವ ಸಂಘದ ಉಚಿತ ಸೂಚಿಯನ್ನೂ ಜೊತೆಗೆ ನೋಡಿ.

ಮೂಲಪುರುಷ ಬ್ರಿಟಿಷ್ ಸೇನೆಯ ಸಿಪಾಯಿಯಾಗಿದ್ದರೆ ಅವನ ಬಿಡುಗಡೆ ಪತ್ರ ಹುಡುಕಿ. ಲಂಡನ್ನಿನ ಕ್ಯೂ ಅನ್ನುವ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 97 ಸರಣಿಯಲ್ಲಿ ಅವು ಇವೆ. ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಸೇರುವ ಮುಂಚಿನ ಕಸುಬು ಎಲ್ಲ ಅದರಲ್ಲಿ ಬರೆದಿರುತ್ತದೆ. ಇಂಡಿಯಾದಿಂದ ಇಂಗ್ಲೆಂಡಿನ ಹಳ್ಳಿಗೆ ನೆಗೆಯಲು ಇಷ್ಟು ಒಳ್ಳೆಯ ಸೇತುವೆ ಇನ್ನೊಂದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯವನಾದರೆ ಕಾಗದ ಕ್ಯೂನಲ್ಲಿ ಸಿಗುವುದಿಲ್ಲ, ಬ್ರಿಟಿಷ್ ಲೈಬ್ರರಿಗೇ ಹೋಗಬೇಕು.

ಎಚ್ಚರ: ಇಂಡಿಯಾದಲ್ಲಿ ಇಂಗ್ಲಿಷ್ ಸರ್‌ನೇಮ್ ಇದ್ದ ಮಾತ್ರಕ್ಕೆ ಇಂಗ್ಲೆಂಡಿನಲ್ಲಿ ಆ ಹೆಸರಿನ ಅಜ್ಜ ಇದ್ದ ಅಂತಲ್ಲ. ದೀಕ್ಷಾಸ್ನಾನದ ವೇಳೆ ಹೊಸ ಹೆಸರು ಪಡೆದವರಿದ್ದಾರೆ, ಅನಾಥಾಲಯದಲ್ಲಿ ಬೆಳೆದು ಅಲ್ಲಿ ಕೊಟ್ಟ ಹೆಸರು ಇಟ್ಟುಕೊಂಡವರಿದ್ದಾರೆ. ಇಲ್ಲಿನ ಕೊಂಡಿ ಗಟ್ಟಿಯಾಗದೆ ಸಮುದ್ರ ದಾಟಬೇಡಿ.

ಹಂತ 2: ಸ್ಪೆಲಿಂಗ್‌ಗಳ ಪಟ್ಟಿ ಮಾಡಿ

"ನಮ್ಮ ಮನೆತನ ವೈ ಹಾಕಿ ಬರೆಯುತ್ತದೆ, ಐ ಹಾಕುವವರು ಬೇರೆ" ಅನ್ನುವ ಮಾತಿಗೆ 1800ಕ್ಕಿಂತ ಹಿಂದೆ ಬೆಲೆಯೇ ಇಲ್ಲ. ಬರೆದವನು ಪಾದ್ರಿ ಅಥವಾ ಗುಮಾಸ್ತ. ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದ. ಹೆಸರಿನವನಿಗೆ ಓದು ಬರುತ್ತಿರಲಿಲ್ಲ, ಸರಿಪಡಿಸು ಅನ್ನುವವರೂ ಇರಲಿಲ್ಲ.

ಸೈಕ್ಸ್‌ಗೆ ಎಸ್ ನಂತರ ವೈ ಇರುವುದು, ಐ ಇರುವುದು, ಕೊನೆಯ ಎಸ್ ಇಲ್ಲದ್ದು, ಕೆ ಬದಲು ಸಿಕೆ ಇರುವುದು, ಇಷ್ಟನ್ನಾದರೂ ಹುಡುಕಬೇಕು. ಯಾರ್ಕ್‌ಶೈರ್ ಕಡೆ ಆಡುಮಾತಿನಲ್ಲಿ ಹೆಸರಿನ ಮೊದಲ ಎಚ್ ಬಿದ್ದುಹೋಗುತ್ತದೆ. ಹಾಗಾಗಿ ಹರ್ಸ್ಟ್ ಅನ್ನುವ ಹೆಸರು ಎಚ್ ಇಲ್ಲದೆಯೂ ಸಿಗಬಹುದು.

ಇದರ ಮೇಲೆ ಇಂಡೆಕ್ಸ್ ಮಾಡಿದವರು ತಪ್ಪಾಗಿ ಓದಿರುವುದು ಬೇರೆ. ಹಳೆಯ ಕೈಬರಹದಲ್ಲಿ ದೊಡ್ಡ ಎಸ್ ಮತ್ತು ದೊಡ್ಡ ಎಲ್ ಒಂದೇ ಥರ ಕಾಣುತ್ತವೆ. ಪದದ ನಡುವಿನ ಉದ್ದ ಎಸ್ ಎಫ್‌ನಂತೆ ಕಾಣುತ್ತದೆ. ಹೆಸರು ಸಿಗಲಿಲ್ಲ ಅಂದರೆ ಸರ್‌ನೇಮ್ ಖಾಲಿ ಬಿಟ್ಟು, ಮೊದಲ ಹೆಸರು, ವಯಸ್ಸು, ಊರು ಮಾತ್ರ ಹಾಕಿ ಹುಡುಕಿ. ಅನುಮಾನದ ಅಕ್ಷರದ ಜಾಗಕ್ಕೆ ಪ್ರಶ್ನೆ ಚಿಹ್ನೆ ಅಥವಾ ನಕ್ಷತ್ರ ಚಿಹ್ನೆ ಹಾಕುವ ಸೌಲಭ್ಯ ಬಹಳ ಸೈಟುಗಳಲ್ಲಿದೆ.

ಹಂತ 3: 1881ರ ನಕ್ಷೆ ನೋಡಿ

1881ರ ಜನಗಣತಿಯನ್ನು ಸ್ವಯಂಸೇವಕರು ಪೂರ್ತಿ ಟೈಪ್ ಮಾಡಿಟ್ಟಿದ್ದಾರೆ, ಫ್ಯಾಮಿಲಿಸರ್ಚ್‌ನಲ್ಲಿ ಉಚಿತ. ಅದರ ಆಧಾರದಲ್ಲಿ ಯಾವ ಸರ್‌ನೇಮ್ ಎಲ್ಲಿ ದಟ್ಟವಾಗಿತ್ತು ಅನ್ನುವ ನಕ್ಷೆಗಳನ್ನೂ ಮಾಡಿದ್ದಾರೆ. ರೈಲು ಬಂದು, ಕಾರ್ಖಾನೆಗಳು ಎದ್ದು, ಜನ ಓಡಾಡಲು ಶುರು ಮಾಡಿ ಆಗಲೇ ಎಷ್ಟೋ ವರ್ಷವಾಗಿತ್ತು. ಆದರೂ ಹೆಚ್ಚಿನ ಹೆಸರುಗಳು ಹುಟ್ಟಿದ ಜಾಗದ ಆಸುಪಾಸಿನಲ್ಲೇ ದಟ್ಟವಾಗಿ ಉಳಿದಿದ್ದವು. ಸೈಕ್ಸ್ ಹಾಕಿ ನೋಡಿದರೆ ಯಾರ್ಕ್‌ಶೈರಿನ ವೆಸ್ಟ್ ರೈಡಿಂಗ್ ಅನ್ನುವ ಪಶ್ಚಿಮ ಭಾಗದಲ್ಲಿ, ಅದರಲ್ಲೂ ಹಡರ್ಸ್‌ಫೀಲ್ಡ್ ಸುತ್ತಮುತ್ತ ಗುಂಪು ಎದ್ದು ಕಾಣುತ್ತದೆ.

ಬರೀ ತಲೆ ಎಣಿಕೆ ನಂಬಬೇಡಿ. ಲಂಡನ್ನಿನಲ್ಲಿ ಎಲ್ಲ ಹೆಸರಿನವರೂ ಜಾಸ್ತಿ ಇರುತ್ತಾರೆ, ಅದು ದೊಡ್ಡ ಊರು ಅಷ್ಟೇ. ಅಲ್ಲಿನ ಜನಸಂಖ್ಯೆಗೆ ಹೋಲಿಸಿ ಎಷ್ಟು ದಟ್ಟ ಅನ್ನುವುದನ್ನು ನೋಡಬೇಕು. ಸ್ಮಿತ್, ಟೇಲರ್, ಜಾನ್ಸನ್‌ನಂಥ ಹೆಸರುಗಳಿಗೆ ಈ ಹಂತ ಕೆಲಸಕ್ಕೆ ಬರುವುದಿಲ್ಲ. ಅವು ನೂರಾರು ಕಡೆ ಬೇರೆ ಬೇರೆಯಾಗಿ ಹುಟ್ಟಿದ ಹೆಸರುಗಳು.

ಇದು ನಿಮಗೆ ದಿಕ್ಕು ತೋರಿಸುತ್ತದೆ, ಪುರಾವೆ ಆಗುವುದಿಲ್ಲ. ನಿಮ್ಮ ಸೈಕ್ಸ್ ದೂರದ ಆಗ್ನೇಯದ ಕೆಂಟ್‌ನಲ್ಲಿ ಹುಟ್ಟಿದವನಾದರೆ ಹಡರ್ಸ್‌ಫೀಲ್ಡಿಗೆ ಹಾರಬೇಡಿ. ಕೆಂಟ್‌ನಿಂದಲೇ ಹಿಂದಕ್ಕೆ ಹೋಗಿ.

ಹಂತ 4: ಇವತ್ತಿನಿಂದ 1837ರವರೆಗೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಶುರುವಾಯಿತು. ಸ್ಕಾಟ್ಲೆಂಡಿನಲ್ಲಿ 1855. ಅಲ್ಲಿಯ ವ್ಯವಸ್ಥೆಯೇ ಬೇರೆ, ಎರಡನ್ನೂ ಬೆರೆಸಬೇಡಿ.

ಈ ಕಾಲಕ್ಕೆ ಎರಡು ದಾಖಲೆ ಒಟ್ಟಿಗೆ ಇಟ್ಟುಕೊಂಡು ನಡೆಯಬೇಕು: ನೋಂದಣಿ ಮತ್ತು ಜನಗಣತಿ. ಜನಗಣತಿ ಹತ್ತು ವರ್ಷಕ್ಕೊಮ್ಮೆ, ದೇಶದಾದ್ಯಂತ ಹೆಸರು ಸಮೇತ ಸಿಗುವುದು 1841ರಿಂದ. ನೂರು ವರ್ಷ ಮುಚ್ಚಿಡುವ ನಿಯಮ ಇರುವುದರಿಂದ ಸದ್ಯಕ್ಕೆ 1921ರವರೆಗೆ ನೋಡಬಹುದು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧದಿಂದಾಗಿ ಎಣಿಕೆಯೇ ಆಗಲಿಲ್ಲ. ನಡುವಿನ ಖಾಲಿ ತುಂಬಲು, ಯುದ್ಧ ಶುರುವಾದಾಗ ಮಾಡಿದ ಜನರ ಪಟ್ಟಿ, ಅಂದರೆ 1939ರ ರಿಜಿಸ್ಟರ್ ಇದೆ.

1841ರ ಪುಟದಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. ಅಲ್ಲಿ 40 ಅಂತ ಇದ್ದರೆ ಅವನಿಗೆ 40ರಿಂದ 44ರೊಳಗೆ ಎಷ್ಟಾದರೂ ಇರಬಹುದು. ಎರಡನೆಯದು, ಹುಟ್ಟಿದ ಊರು ಬರೆಯುತ್ತಿರಲಿಲ್ಲ. ಅದೇ ಕೌಂಟಿಯವನೋ (ಕೌಂಟಿ ಅಂದರೆ ಅಲ್ಲಿನ ಜಿಲ್ಲೆ) ಅಲ್ಲವೋ ಅಂತ ಮಾತ್ರ ಬರೆದರು. ಹಾಗಾಗಿ 1851ರ ಪುಟವೇ ನಿಮ್ಮ ಆಧಾರಸ್ತಂಭ. ಅಲ್ಲಿ ಹುಟ್ಟಿದ ಪ್ಯಾರಿಷ್ ಇದೆ, ಮನೆಯ ಯಜಮಾನನಿಗೆ ಏನಾಗಬೇಕು ಅನ್ನುವುದೂ ಇದೆ. 1851ಕ್ಕೆ ಬದುಕಿದ್ದ ಅತಿ ಹಿರಿಯ ಸೈಕ್ಸ್‌ನನ್ನು ಹುಡುಕಿದರೆ 1770ರ ಸುಮಾರಿಗೆ ಒಂದೇ ಹೆಜ್ಜೆಯಲ್ಲಿ ತಲುಪಬಹುದು.

ನೋಂದಣಿ ಇಂಡೆಕ್ಸ್ ಮೂರು ತಿಂಗಳ ಕಂತಿನಲ್ಲಿದೆ. ಮಗು ಹುಟ್ಟಿ 42 ದಿನದೊಳಗೆ ನೋಂದಾಯಿಸಬಹುದಿತ್ತು, ಹಾಗಾಗಿ ಮೇ ಕೊನೆಗೆ ಹುಟ್ಟಿದ ಮಗು ಸೆಪ್ಟೆಂಬರ್ ಕಂತಿನಲ್ಲಿ ಇರಬಹುದು. ನೋಂದಾಯಿಸದಿದ್ದರೆ ದಂಡ ಅನ್ನುವ ಬಿಗಿ ನಿಯಮ 1875ರಿಂದ ಬಂತು. ಅದಕ್ಕೂ ಮುಂಚೆ ಕೆಲವು ಮಕ್ಕಳ ಹೆಸರು ಇಲ್ಲದೇ ಹೋಗಿರಬಹುದು. ಆಗ ಚರ್ಚಿನ ರಿಜಿಸ್ಟರ್ ನೋಡಿ.

ದುಡ್ಡು ಕೊಟ್ಟು ತರಿಸುವುದಾದರೆ ಮೊದಲು ಮದುವೆ ಸರ್ಟಿಫಿಕೇಟ್ ತರಿಸಿ. ಗಂಡು ಹೆಣ್ಣು ಇಬ್ಬರ ತಂದೆಯ ಹೆಸರೂ ಕಸುಬೂ ಅದರಲ್ಲಿರುತ್ತದೆ. ಜನನಕ್ಕೆ ಸರ್ಕಾರಿ ನೋಂದಣಿ ಕಚೇರಿಯ ಆನ್‌ಲೈನ್ ಇಂಡೆಕ್ಸ್ ನೋಡಿ. ಅದರಲ್ಲಿ 1837ರಿಂದಲೇ ತಾಯಿಯ ತವರಿನ ಸರ್‌ನೇಮ್ ಕೊಟ್ಟಿದ್ದಾರೆ. ಒಂದೇ ಹೆಸರಿನ ಇಬ್ಬರು ಹುಡುಗರನ್ನು ಬೇರೆ ಮಾಡಲು ಅದೊಂದೇ ಸಾಕಾಗುತ್ತದೆ ಎಷ್ಟೋ ಸಲ.

ಹಂತ 5: 1837ರಿಂದ 1538ರವರೆಗೆ, ಚರ್ಚ್ ರಿಜಿಸ್ಟರ್

ಕೆಲಸ ನಿಜವಾಗಿ ಕಷ್ಟವಾಗುವುದು ಇಲ್ಲಿ. ನಿಧಾನ ಮಾಡಿ.

ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿ, ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡಬೇಕು ಅಂದರು. ಎಲ್ಲ ಕಡೆ ಅಷ್ಟು ಹಿಂದಿನದು ಉಳಿದಿಲ್ಲ. 1598ರಲ್ಲಿ ಹಳೆಯ ಕಾಗದದ ಪುಸ್ತಕಗಳನ್ನು ಚರ್ಮದ ಹಾಳೆಗೆ ನಕಲು ಮಾಡಿಸುವಾಗ 1558ರಿಂದ ಈಚಿನದಕ್ಕೆ ಒತ್ತು ಕೊಟ್ಟರು. ಅದಕ್ಕೇ ಎಷ್ಟೋ ರಿಜಿಸ್ಟರ್‌ಗಳು 1558ರಿಂದ ಶುರುವಾಗುತ್ತವೆ. ವರ್ಷವರ್ಷ ಬಿಷಪ್‌ಗೆ ಕಳಿಸುತ್ತಿದ್ದ ಪ್ರತಿಗಳೂ ಇವೆ. ಮೂಲ ಹಾಳಾಗಿದ್ದರೆ, ಓದಲು ಆಗದಿದ್ದರೆ ಆ ಪ್ರತಿ ತೆರೆಯಿರಿ. 1642ರಿಂದ 1660ರವರೆಗೆ, ಅಂತರ್ಯುದ್ಧ ಮತ್ತು ಅದರ ನಂತರದ ಕಾಲದಲ್ಲಿ, ದಾಖಲೆ ತೂತು ತೂತಾಗಿದೆ. ಅಲ್ಲಿ ಸಿಗಲಿಲ್ಲ ಅಂದರೆ ಮನುಷ್ಯ ಇರಲಿಲ್ಲ ಅಂತಲ್ಲ.

1813ರಿಂದ ಅಚ್ಚಾದ ಫಾರಂ ಬಂತು. ಅದರಲ್ಲಿ ತಂದೆಯ ಕಸುಬು, ವಾಸದ ಜಾಗ ಇದೆ. 1754ರಿಂದ ಮದುವೆ ರಿಜಿಸ್ಟರ್‌ನಲ್ಲಿ ಸಹಿ, ಸಾಕ್ಷಿಗಳ ಹೆಸರು ಇವೆ. ಸಾಕ್ಷಿಗಳನ್ನು ಬರೆದಿಟ್ಟುಕೊಳ್ಳಿ. ಅಣ್ಣ, ಭಾವ, ಚಿಕ್ಕಪ್ಪ ಹೀಗೆ ಮನೆಯವರೇ ಅಲ್ಲಿ ಸಿಗುತ್ತಾರೆ.

ಈಗ ಒಂದು ತಾರೀಖಿನ ಲೆಕ್ಕ. 1752ರ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಒಂದು ಮಗುವಿಗೆ ಡಿಸೆಂಬರ್ 1710ರಲ್ಲಿ ದೀಕ್ಷಾಸ್ನಾನ, ಫೆಬ್ರವರಿ 1710ರಲ್ಲಿ ಸಮಾಧಿ ಅಂತ ಇದ್ದರೆ ಗುಮಾಸ್ತನ ತಪ್ಪಲ್ಲ. ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1711. ಮಗು ಎರಡು ತಿಂಗಳು ಬದುಕಿತ್ತು. ನೋಟ್‌ಬುಕ್‌ನಲ್ಲಿ ಇಂಥ ತಾರೀಖನ್ನು 1710/11 ಅಂತ ಬರೆಯಿರಿ.

ಇದೇ ಉದಾಹರಣೆ ಇನ್ನೊಂದು ದೊಡ್ಡ ತಪ್ಪನ್ನೂ ತೋರಿಸುತ್ತದೆ. ಜನ ದೀಕ್ಷಾಸ್ನಾನದ ಸಾಲು ಸಿಕ್ಕ ಕೂಡಲೇ "ಸಿಕ್ಕಿದ" ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಮಗು ಎರಡು ತಿಂಗಳಿಗೇ ತೀರಿಹೋಗಿದ್ದರೆ? ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅಲ್ಲಿ ಮಾಮೂಲಾಗಿತ್ತು. ಪ್ರತಿ ದೀಕ್ಷಾಸ್ನಾನಕ್ಕೂ ಮುಂದಿನ ಹತ್ತು ವರ್ಷದ ಸಮಾಧಿ ಪುಟ ನೋಡಲೇಬೇಕು. ತಪ್ಪಾದ ವಂಶವೃಕ್ಷಗಳಲ್ಲಿ ದೊಡ್ಡ ಪಾಲು ಹಾಳಾಗುವುದು ಈ ಒಂದು ಪುಟ ನೋಡದೆ.

ಉತ್ತರದ ಪ್ಯಾರಿಷ್‌ಗಳು ತುಂಬಾ ದೊಡ್ಡವು. ಹಡರ್ಸ್‌ಫೀಲ್ಡ್ ಪ್ಯಾರಿಷ್‌ನ ಒಳಗೆ ಸ್ಲೇತ್‌ವೇಟ್‌ನಲ್ಲಿ ಒಂದು ಚಾಪೆಲ್ ಇತ್ತು. ಚಾಪೆಲ್ ಅಂದರೆ ದೂರದ ಹಳ್ಳಿಯವರಿಗಾಗಿ ಇದ್ದ ಉಪಚರ್ಚ್. ಹಳ್ಳಿಯವರು ಒಂದು ಮಗುವನ್ನು ಅಲ್ಲಿಗೂ ಇನ್ನೊಂದನ್ನು ದೊಡ್ಡ ಚರ್ಚಿಗೂ ಕರೆದುಕೊಂಡು ಹೋಗಿರಬಹುದು. ಎರಡೂ ರಿಜಿಸ್ಟರ್ ನೋಡಿ. ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಕ್ವೇಕರ್ ಪಂಗಡದವರ ದಾಖಲೆ ಬೇರೆಯೇ ಇದೆ. ಆ ನೂಲು-ನೇಯ್ಗೆಯ ಕಣಿವೆಗಳಲ್ಲಿ ಇಂಥ ಪಂಗಡಗಳು ಬಲವಾಗಿದ್ದವು.

ಇನ್ನು ಅತಿ ದೊಡ್ಡ ತಲೆನೋವು: ಒಂದೇ ಹಳ್ಳಿಯಲ್ಲಿ ಒಂದೇ ವಯಸ್ಸಿನ ನಾಲ್ಕು ಜನ ಜಾನ್ ಸೈಕ್ಸ್. ನಮ್ಮ ಊರುಗಳಲ್ಲಿ ಕೆರೆಮನೆ ರಾಮಣ್ಣ, ಮೇಲಿನಮನೆ ರಾಮಣ್ಣ ಅಂತ ಗುರುತಿಸುತ್ತೇವಲ್ವಾ, ಅಲ್ಲಿನವರೂ ಹಾಗೇ ಮಾಡುತ್ತಿದ್ದರು. ಅಪ್ಪನ ಹೆಸರು, ಅಜ್ಜನ ಹೆಸರು ಜೋಡಿಸಿ ಕರೆಯುತ್ತಿದ್ದರು. ಆ ಗುರುತು ಕೆಲವೊಮ್ಮೆ ರಿಜಿಸ್ಟರ್‌ನಲ್ಲೂ ನುಸುಳಿರುತ್ತದೆ. ಇಲ್ಲದಿದ್ದರೆ ಒಂದು ಹಾಳೆ ತೆಗೆದುಕೊಂಡು ನಾಲ್ಕೂ ಜನರಿಗೆ ನಾಲ್ಕು ಕಾಲಂ ಹಾಕಿ. ಮನೆ ಇದ್ದ ಜಾಗ, ಕಸುಬು, ಹೆಂಡತಿಯ ಹೆಸರು, ಮಕ್ಕಳು, ಸಾವು ಎಲ್ಲ ತುಂಬಿ. ನಿಮಗೆ ಬೇಕಾದವನನ್ನು ಆರಿಸುವುದಲ್ಲ, ಉಳಿದ ಮೂವರನ್ನು ಪುರಾವೆ ಸಮೇತ ಹೊರಹಾಕಬೇಕು. ಹೊರಹಾಕಲು ಆಗದಿದ್ದರೆ ಅಲ್ಲೇ ನಿಲ್ಲಿ.

ರಿಜಿಸ್ಟರ್ ಸಾಲದಿದ್ದಾಗ ಉಯಿಲು ನೋಡಿ. ಸಾಮಾನ್ಯ ರೈತ, ನೇಕಾರ ಕೂಡ ಉಯಿಲು ಮಾಡಿರುತ್ತಿದ್ದ. ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಸಾಲಾಗಿ ಒಂದೇ ಹಾಳೆಯಲ್ಲಿ ಸಿಗುತ್ತಾರೆ. 1858ರ ಜನವರಿ ನಂತರದ್ದು ಸರ್ಕಾರದ ಬಳಿ, ಅದಕ್ಕಿಂತ ಹಿಂದಿನದು ಚರ್ಚ್ ನ್ಯಾಯಾಲಯಗಳ ದಾಖಲೆಯಲ್ಲಿ. ಯಾರ್ಕ್‌ಶೈರಿನವರನ್ನು ಯಾರ್ಕ್ ದಾಖಲೆಗಳಲ್ಲಿ ಹುಡುಕಬೇಕು. ಮನುಷ್ಯ ಏಕಾಏಕಿ ಊರಿಗೆ ಬಂದು ಇಳಿದವನಂತೆ ಕಂಡರೆ ಬಡವರ ಪರಿಹಾರದ ಕಾಗದಗಳನ್ನು ನೋಡಿ. 1662ರ ಕಾಯ್ದೆಯ ನಂತರ "ಇವನು ಯಾವ ಪ್ಯಾರಿಷ್‌ಗೆ ಸೇರಿದವನು" ಅಂತ ವಿಚಾರಣೆ ಮಾಡಿ ಬರೆದ ಹಾಳೆಗಳು ಸಿಗುತ್ತವೆ.

ಹಂತ 6: 1538ಕ್ಕಿಂತ ಹಿಂದೆ

ಇಲ್ಲಿಂದ ಆಚೆ ಅಪ್ಪ-ಮಗ ಅಂತ ಕೊಂಡಿ ಹಾಕಲು ಆಗುವುದು ಅಪರೂಪ. ಈಗ ನೀವು ಹುಡುಕುವುದು ಹೆಸರನ್ನೇ: ಅದೇ ಪ್ರದೇಶದಲ್ಲಿ ಅದು ಎಷ್ಟು ಹಿಂದೆ ಕಾಣುತ್ತದೆ, ಯಾವ ರೂಪದಲ್ಲಿ ಕಾಣುತ್ತದೆ.

ಎರಡು ಬಗೆಯ ದಾಖಲೆ ಮುಖ್ಯ. ಒಂದು ತೆರಿಗೆ ಪಟ್ಟಿ. 1377, 1379, 1381ರಲ್ಲಿ ತಲೆಗಂದಾಯ ಹಾಕಿದರು. ವೆಸ್ಟ್ ರೈಡಿಂಗ್‌ನ 1379ರ ಪಟ್ಟಿ ಚೆನ್ನಾಗಿ ಉಳಿದಿದೆ, ಅಚ್ಚೂ ಆಗಿದೆ. ಹಳ್ಳಿಹಳ್ಳಿಯ ಹೆಸರು, ಕೆಲವು ಕಡೆ ಕಸುಬು ಸಿಗುತ್ತದೆ. ಎರಡನೆಯದು ಜಮೀನ್ದಾರಿ ನ್ಯಾಯಾಲಯದ ಸುರುಳಿಗಳು. ವೆಸ್ಟ್ ರೈಡಿಂಗ್‌ನ ವೇಕ್‌ಫೀಲ್ಡ್ ಮೇನರ್‌ನ, ಅಂದರೆ ಜಮೀನ್ದಾರಿಯ, ಸುರುಳಿಗಳು 1274ರಿಂದ ಇವೆ. ಯಾರು ಯಾರ ಹೊಲಕ್ಕೆ ದನ ಬಿಟ್ಟರು, ಯಾರು ಗೇಣಿ ಕಟ್ಟಲಿಲ್ಲ, ಅಪ್ಪ ಸತ್ತ ಮೇಲೆ ಜಮೀನು ಯಾರಿಗೆ ಹೋಯಿತು ಎಲ್ಲ ಅದರಲ್ಲಿದೆ. ಆ ಕೊನೆಯ ವಿಷಯ ನಿಮಗೆ ಬಂಗಾರ. 1538ಕ್ಕಿಂತ ಹಿಂದೆ ಸಾಮಾನ್ಯ ಜನರ ಅಪ್ಪ-ಮಗ ಸಂಬಂಧ ಬರವಣಿಗೆಯಲ್ಲಿ ಸಿಗುವುದಾದರೆ ಹೆಚ್ಚಾಗಿ ಅಲ್ಲೇ.

ಭಾಷೆ ಲ್ಯಾಟಿನ್. 1733ರವರೆಗೆ ನ್ಯಾಯಾಲಯದ ದಾಖಲೆಗಳು ಲ್ಯಾಟಿನ್‌ನಲ್ಲೇ ಇದ್ದವು. ಹೆದರಬೇಡಿ, ಬರುವ ಪದಗಳು ಕಡಿಮೆ. ಫಿಲಿಯಸ್ ಅಂದರೆ ಮಗ, ಫಿಲಿಯಾ ಅಂದರೆ ಮಗಳು, ಉಕ್ಸರ್ ಅಂದರೆ ಹೆಂಡತಿ, ಫಾಬರ್ ಅಂದರೆ ಕಮ್ಮಾರ. ಜೊಹಾನೆಸ್ ಜಾನ್ ಆಗುತ್ತಾನೆ, ಜಾಕೊಬಸ್ ಜೇಮ್ಸ್ ಆಗುತ್ತಾನೆ. ಹೆಸರಿನ ಮುಂದೆ "ಡಿ" ಇದ್ದರೆ "ಇಂಥ ಜಾಗದ" ಅಂತ ಅರ್ಥ. ಅದು ಕಂಡ ಕೂಡಲೇ "ನಾರ್ಮನ್ ಕುಲೀನ" ಅಂದುಕೊಳ್ಳಬೇಡಿ. ಹೊಲ ಉಳುವವನ ಹೆಸರಿನ ಮುಂದೆಯೂ ಗುಮಾಸ್ತ ಅದನ್ನೇ ಹಾಕುತ್ತಿದ್ದ.

ಅತಿ ಮುಖ್ಯವಾದ ಪರೀಕ್ಷೆ ಒಂದಿದೆ: ಆ ಹೆಸರು ಆಗ ವಂಶದ ಹೆಸರಾಗಿತ್ತೇ, ಅಥವಾ ಆ ಒಬ್ಬನಿಗೆ ಮಾತ್ರ ಅಂಟಿದ ಗುರುತೇ? ಸರ್‌ನೇಮ್ ತಲೆಮಾರಿಗೆ ಇಳಿಯುವ ಪದ್ಧತಿ 1066ರ ನಾರ್ಮನ್ ವಿಜಯದ ನಂತರ ಮೊದಲು ದೊಡ್ಡ ಜಮೀನ್ದಾರರಲ್ಲಿ ಬಂತು. ಸಾಮಾನ್ಯರಲ್ಲಿ ನೆಲೆಯೂರಿದ್ದು ಸುಮಾರು 1400ರ ಹೊತ್ತಿಗೆ, ಉತ್ತರದಲ್ಲಿ ಇನ್ನೂ ತಡ. ಹಾಗಾಗಿ 1379ರ ಪಟ್ಟಿಯಲ್ಲಿ ಕಮ್ಮಾರ ಕಸುಬಿನ ಸ್ಮಿತ್ ಸಿಕ್ಕರೆ ಏನೂ ಸಾಬೀತಾಗುವುದಿಲ್ಲ. ದರ್ಜಿ ಕೆಲಸದ ಸ್ಮಿತ್ ಸಿಕ್ಕರೆ ಹೆಸರು ಆಗಲೇ ಮನೆತನಕ್ಕೆ ಅಂಟಿಕೊಂಡಿತ್ತು ಅಂತ ಹೇಳಬಹುದು. ಅಪ್ಪ, ಮಗ ಇಬ್ಬರಿಗೂ ಅದೇ ಹೆಸರು ಇದ್ದು, ಮಗ ಬೇರೆ ಊರಲ್ಲಿದ್ದರೆ ಇನ್ನೂ ಗಟ್ಟಿ.

ಹಂತ 7: ಈಗ ನಿಘಂಟು ತೆರೆಯಿರಿ

ಈಗ ನಿಮ್ಮ ಕೈಯಲ್ಲಿ ಊರು ಇದೆ, ಹಳೆಯ ರೂಪಗಳಿವೆ. ಅರ್ಥ ನೋಡಲು ಇದು ಸರಿಯಾದ ಸಮಯ. ನಂಬಬಹುದಾದದ್ದು 2016ರಲ್ಲಿ ಬಂದ ಆಕ್ಸ್‌ಫರ್ಡ್‌ನ ಬ್ರಿಟನ್-ಐರ್ಲೆಂಡ್ ಮನೆತನದ ಹೆಸರುಗಳ ನಿಘಂಟು. ನಲವತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಹಳೆಯ ದಾಖಲೆಯ ರೂಪಗಳನ್ನು ವರ್ಷ ಸಮೇತ ಕೊಟ್ಟಿದ್ದಾರೆ. ನಿಮ್ಮ ಪಟ್ಟಿ ಪಕ್ಕ ಇಟ್ಟು ಹೋಲಿಸಿ.

ಹೆಸರುಗಳು ಸ್ಥೂಲವಾಗಿ ನಾಲ್ಕು ಬಗೆ: ಊರು ಅಥವಾ ಜಾಗದಿಂದ ಬಂದದ್ದು, ಕಸುಬಿನಿಂದ ಬಂದದ್ದು, ಅಪ್ಪನ ಅಥವಾ ಅಮ್ಮನ ಹೆಸರಿನಿಂದ ಬಂದದ್ದು, ಅಡ್ಡಹೆಸರಿನಿಂದ ಬಂದದ್ದು. ಸೈಕ್ಸ್ ಜಾಗದ ಹೆಸರು. ಉತ್ತರದ ಆಡುಮಾತಿನಲ್ಲಿ ಸೈಕ್ ಅಂದರೆ ಸಣ್ಣ ಹಳ್ಳ, ಜೌಗು ನೆಲದಲ್ಲಿ ಹರಿಯುವ ತೊರೆ. ಹಳ್ಳದ ಪಕ್ಕದ ಮನೆಯವನು ಅಂತ ಗುರುತಿಸಿದ್ದು ಮುಂದೆ ಸರ್‌ನೇಮ್ ಆಯಿತು.

ಊರು ಗೊತ್ತಿದ್ದರೆ ಯಾಕೆ ಅನುಕೂಲ ಅನ್ನುವುದಕ್ಕೆ ಇದನ್ನು ನೋಡಿ. ನೇಯ್ದ ಉಣ್ಣೆ ಬಟ್ಟೆಯನ್ನು ನೀರಲ್ಲಿ ತುಳಿದು ಒತ್ತಾಗಿಸುವ ಕೆಲಸದವನಿಗೆ ಉತ್ತರದಲ್ಲಿ ವಾಕರ್, ನೈಋತ್ಯದಲ್ಲಿ ಟಕರ್, ಆಗ್ನೇಯದಲ್ಲಿ ಫುಲ್ಲರ್ ಅಂತ ಹೆಸರು. ಕಸುಬು ಒಂದೇ. ವಾಕರ್ ಅಂದರೆ "ನಡೆಯುವವನು" ಅಂತ ಸುಮ್ನೆ ಇವತ್ತಿನ ಇಂಗ್ಲಿಷ್ ಹಿಡಿದು ಅರ್ಥ ಮಾಡಿದರೆ ಆ ಬಟ್ಟೆ, ಆ ನೀರಿನ ತೊಟ್ಟಿ ಎಲ್ಲ ಕೈತಪ್ಪಿ ಹೋಗುತ್ತದೆ. ರಾಮ್ಸ್‌ಬಾಟಮ್‌ನಂಥ ಹೆಸರು ಕೇಳಿ ನಗುವವರಿದ್ದಾರೆ. ಅದು ಹಳೆಯ ಲ್ಯಾಂಕಾಶೈರಿನ ಊರು. ಬಾಟಮ್ ಅಂದರೆ ಅಲ್ಲಿ ಕಣಿವೆಯ ತಳ. ನ್ಯಾಶ್ ಅನ್ನುವುದು "ಆ್ಯಶ್ ಮರದ ಹತ್ತಿರದವನು" ಅನ್ನುವ ಹಳೆಯ ಮಾತಿನಿಂದ ಬಂದದ್ದು. ಅದಕ್ಕೂ ಮೊದಲಿನ ಪದದ ಕೊನೆಯ ನಕಾರ ಬಂದು ಮರದ ಹೆಸರಿಗೆ ಅಂಟಿಕೊಂಡಿದೆ.

ಕಿಂಗ್, ಬಿಷಪ್, ಪೋಪ್ ಅನ್ನುವ ಹೆಸರಿದ್ದರೆ ರಾಜವಂಶ ಹುಡುಕಬೇಡಿ. ಅವು ಅಡ್ಡಹೆಸರುಗಳು. ಹಬ್ಬದ ಆಟದಲ್ಲಿ ಆ ವೇಷ ಹಾಕಿದ್ದಕ್ಕೋ, ಗತ್ತಿಗೋ, ಆ ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದುದಕ್ಕೋ ಬಂದಿರಬಹುದು.

ಇನ್ನೊಂದು ಎಚ್ಚರದ ಗಂಟೆ: ಹೆಸರು ಇಂಗ್ಲಿಷ್ ಭಾಷೆಯದ್ದೇ ಹೌದಾ? ನಮ್ಮ ಶಾಸನಗಳನ್ನು ಹುಡುಕಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಸರ್‌ನೇಮ್ ನೋಡಿ. ಅಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ರೀಸ್ ಅನ್ನುವ ವೇಲ್ಸ್ ಭಾಷೆಯ ವ್ಯಕ್ತಿನಾಮದಿಂದ ಬಂದ ಸರ್‌ನೇಮ್ ಅದು. ಕಬ್ಬನ್ ಅನ್ನುವುದು ಮ್ಯಾನ್ ದ್ವೀಪದ ಹೆಸರು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹುಟ್ಟಿದ್ದೂ ಅಲ್ಲೇ. ಅಲ್ಲಿನ ಹೆಸರುಗಳಲ್ಲಿ ಸಿ, ಕೆ, ಕ್ಯೂ ಆರಂಭ ಜಾಸ್ತಿ, ಅದು "ಮ್ಯಾಕ್" ಸವೆದು ಉಳಿದದ್ದು. ಕೋಲಾರದ ಗಣಿಗಳಿಗೆ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದಿದ್ದರು. ಹೆಸರು ಟ್ರೆ, ಪೋಲ್, ಪೆನ್ ಅಂತ ಶುರುವಾದರೆ ಕಾರ್ನಿಷ್ ಭಾಷೆಯ ಕಡೆ ತಿರುಗಿ, ಇಂಗ್ಲಿಷ್ ನಿಘಂಟಿನಲ್ಲಿ ಒದ್ದಾಡಬೇಡಿ.

ಹಂತ 8: ಡಿಎನ್‌ಎ ಪರೀಕ್ಷೆ, ಬೇಕಿದ್ದರೆ ಮಾತ್ರ

ಸರ್‌ನೇಮ್ ಇಳಿಯುವುದು ಅಪ್ಪನಿಂದ ಮಕ್ಕಳಿಗೆ. ವೈ ಕ್ರೋಮೋಸೋಮ್ ಇಳಿಯುವುದು ಅಪ್ಪನಿಂದ ಮಗನಿಗೆ. ಹಾಗಾಗಿ ಒಂದೇ ಸರ್‌ನೇಮ್‌ನ ಇಬ್ಬರು ಗಂಡಸರು ಒಂದೇ ಮೂಲದವರೇ ಅನ್ನುವುದನ್ನು ವೈ-ಡಿಎನ್‌ಎ ಹೋಲಿಸಿ ನೋಡಬಹುದು. ಜಾಹೀರಾತಿನಲ್ಲಿ ಕಾಣುವ "ನೀವು ಶೇಕಡಾ ಇಷ್ಟು ವೈಕಿಂಗ್" ಅನ್ನುವ ಪರೀಕ್ಷೆ ಇದಲ್ಲ. ಹೆಣ್ಣುಮಕ್ಕಳಲ್ಲಿ ವೈ ಇರುವುದಿಲ್ಲ, ಅವರ ಅಪ್ಪ ಅಥವಾ ಅಣ್ಣತಮ್ಮ ಪರೀಕ್ಷೆ ಮಾಡಿಸಬೇಕು.

ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ 2000ರಲ್ಲಿ ತಮ್ಮದೇ ಸರ್‌ನೇಮ್ ಮೇಲೆ ಇದನ್ನು ಮಾಡಿದರು. ಹಳ್ಳಗಳು ಎಲ್ಲ ಕಡೆ ಇವೆ, ಆದ್ದರಿಂದ ಸೈಕ್ಸ್ ಹೆಸರು ಹಲವು ಕಡೆ ಬೇರೆ ಬೇರೆಯಾಗಿ ಹುಟ್ಟಿರಬೇಕು ಅನ್ನುವುದು ಆವರೆಗಿನ ಅಂದಾಜು. ಪರೀಕ್ಷೆ ಮಾಡಿದ 48 ಸೈಕ್ಸ್ ಗಂಡಸರಲ್ಲಿ ಅರ್ಧಕ್ಕೆ ಹತ್ತಿರದವರಲ್ಲಿ ಒಂದೇ ವೈ ಮಾದರಿ ಸಿಕ್ಕಿತು. ಒಬ್ಬನೇ ಮೂಲಪುರುಷ ಇರಬಹುದು ಅನ್ನುವ ಮಾತಿಗೆ ಅದರಿಂದ ಬಲ ಬಂತು. ಆದರೆ ಆಗ ಹೋಲಿಸಿದ್ದು ವೈ ಕ್ರೋಮೋಸೋಮ್‌ನ ನಾಲ್ಕೇ ಗುರುತುಗಳನ್ನು. ಈಗ 37, 111 ಗುರುತುಗಳನ್ನು ಹೋಲಿಸುತ್ತಾರೆ. ಆ ಫಲಿತಾಂಶವನ್ನು ಒಳ್ಳೆಯ ಸುಳಿವು ಅಂತ ನೋಡಬೇಕು, ಕೊನೆಯ ತೀರ್ಪು ಅಂತಲ್ಲ.

ಹೊಂದಾಣಿಕೆ ಬರದಿದ್ದರೆ ದಾಖಲೆ ಸುಳ್ಳು ಅನ್ನಬೇಡಿ. ದತ್ತು, ಮದುವೆಯಾಚೆಯ ಸಂತಾನ, ಹೆಂಡತಿಯ ಕಡೆಯ ಆಸ್ತಿಗಾಗಿ ಅವರ ಹೆಸರು ತೆಗೆದುಕೊಂಡದ್ದು, ಯಾವುದು ಬೇಕಾದರೂ ಆಗಿರಬಹುದು. ಪರೀಕ್ಷೆಗೆ ಕೊಡುವವರಿಗೆ ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಬದುಕಿರುವವರ ಮನಸ್ಸಿಗೆ ನೋವಾಗುವ ವಿಷಯವೂ ಇದರಲ್ಲಿ ಹೊರಬೀಳುತ್ತದೆ.

ನಿಲ್ಲಿಸಬೇಕಾದ ಸೂಚನೆಗಳು

ಈ ಕೆಳಗಿನವು ಕಂಡರೆ ಮುಂದೆ ಹೋಗದೆ ಹಿಂದಿನ ಹಂತಕ್ಕೆ ವಾಪಸ್ ಬನ್ನಿ.

"ಇದು ನಿಮ್ಮ ಸರ್‌ನೇಮ್‌ನ ಲಾಂಛನ" ಅಂತ ಯಾರಾದರೂ ಮಾರಲು ಬಂದರೆ. ಲಾಂಛನ ಕೊಡುವ ಲಂಡನ್ನಿನ ಸಂಸ್ಥೆ ಕಾಲೇಜ್ ಆಫ್ ಆರ್ಮ್ಸ್ 1484ರಿಂದ ಇದೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಅದು ಅವನ ಗಂಡು ಸಂತತಿಗೆ ಇಳಿಯುತ್ತದೆ, ಸರ್‌ನೇಮ್‌ಗೆ ಅಲ್ಲ. ಯಾರ್ಕ್‌ಶೈರಿನ ಸ್ಲೆಡ್‌ಮಿಯರ್‌ ಊರಿನ ಸೈಕ್ಸ್ ಜಮೀನ್ದಾರರ ಲಾಂಛನಕ್ಕೂ ಹಡರ್ಸ್‌ಫೀಲ್ಡಿನ ನೇಕಾರ ಸೈಕ್ಸ್‌ಗೂ ಸಂಬಂಧ ಇದೆ ಅನ್ನುವುದಕ್ಕೆ ಇಬ್ಬರ ಹೆಸರು ಒಂದೇ ಆಗಿರುವುದು ಪುರಾವೆ ಅಲ್ಲ.

ಆನ್‌ಲೈನ್ ವಂಶವೃಕ್ಷವೊಂದು ಪುಕ್ಕಟೆಯಾಗಿ 1100ರವರೆಗೆ ಹೋಗಿದ್ದರೆ, ಪ್ರತಿ ತಲೆಮಾರಿಗೂ ದಾಖಲೆ ಕೇಳಿ. ಒಂದು ಮರ ಇನ್ನೊಂದನ್ನು, ಅದು ಮತ್ತೊಂದನ್ನು ಆಧಾರ ಅಂತ ತೋರಿಸಿದರೆ ಅಲ್ಲಿ ಆಧಾರವೇ ಇಲ್ಲ.

ತಾಯಿಗೆ ಅರವತ್ತು ವರ್ಷವಾದಾಗ ಮಗು, ತಂದೆ ಸತ್ತ ಎರಡು ವರ್ಷಕ್ಕೆ ದೀಕ್ಷಾಸ್ನಾನ, ಐದು ವರ್ಷದ ನಡುವೆ ಮೂರು ಬೇರೆ ಕೌಂಟಿಗಳಲ್ಲಿ ಮಕ್ಕಳು: ಇಲ್ಲೆಲ್ಲ ಇಬ್ಬರು ಮನುಷ್ಯರನ್ನು ಒಬ್ಬನನ್ನಾಗಿ ಮಾಡಿರುತ್ತೀರಿ.

ಹಂತ 9: ಬರೆದಿಡುವುದು, ಸಿಕ್ಕಿಬಿದ್ದಾಗ ಕೇಳುವುದು

ಪ್ರತಿ ಕೊಂಡಿಯ ಎದುರು ಮೂರರಲ್ಲಿ ಒಂದು ಬರೆಯಿರಿ. ಎರಡು ಬೇರೆ ಬೇರೆ ದಾಖಲೆ ಒಪ್ಪಿದರೆ "ಖಚಿತ". ಒಂದೇ ದಾಖಲೆ ಇದ್ದು, ವಿರುದ್ಧ ಏನೂ ಸಿಗದಿದ್ದರೆ "ಬಹುಶಃ". ಉಳಿದದ್ದೆಲ್ಲ "ಊಹೆ". ಊಹೆಯ ಮೇಲೆ ಇನ್ನೊಂದು ತಲೆಮಾರು ಕಟ್ಟಬೇಡಿ. ಹೆಸರಿನ ಅರ್ಥಕ್ಕೂ ಇದೇ ನಿಯಮ.

ಸಿಕ್ಕಿಬಿದ್ದರೆ ಆ ಜಿಲ್ಲೆಯ ಫ್ಯಾಮಿಲಿ ಹಿಸ್ಟರಿ ಸೊಸೈಟಿಗೆ ಅಥವಾ ಕೌಂಟಿ ಆರ್ಕೈವ್ಸ್‌ಗೆ ಇಮೇಲ್ ಮಾಡಿ. ಅಲ್ಲಿನವರಿಗೆ ಊರಿನ ಚಾಪೆಲ್, ಗಲ್ಲಿ, ಗಿರಣಿ ಎಲ್ಲ ಬಾಯಿಪಾಠ. "ಸೈಕ್ಸ್ ಮನೆತನದ ಬಗ್ಗೆ ತಿಳಿಸಿ" ಅಂದರೆ ಉತ್ತರ ಬರುವುದಿಲ್ಲ. ಒಬ್ಬನ ಹೆಸರು, ಊರು, ಹತ್ತು ವರ್ಷದ ಅವಧಿ, ಈಗಾಗಲೇ ನೋಡಿರುವ ರಿಜಿಸ್ಟರ್‌ಗಳ ಪಟ್ಟಿ ಕೊಟ್ಟು, ಪ್ರಶ್ನೆ ಒಂದೇ ಕೇಳಿ. "1790ರಿಂದ 1800ರೊಳಗೆ ಸ್ಲೇತ್‌ವೇಟ್‌ನಲ್ಲಿ ಇಂಥವನ ದೀಕ್ಷಾಸ್ನಾನ ಹಡರ್ಸ್‌ಫೀಲ್ಡ್ ಚರ್ಚಿನಲ್ಲೂ ಚಾಪೆಲ್‌ನಲ್ಲೂ ಇಲ್ಲ. ಹತ್ತಿರದಲ್ಲಿ ಯಾವ ಪಂಗಡದ ರಿಜಿಸ್ಟರ್ ಉಳಿದಿದೆ?" ಅಂತ ಕೇಳಿದರೆ ಅವರು ಯಾವ ಪುಸ್ತಕ ತೆರೆಯಬೇಕು ಅಂತ ನೇರವಾಗಿ ಹೇಳಬಲ್ಲರು.